ಮಕ್ಕಳ ಹೊಟ್ಟೆ ಸ್ಕ್ಯಾನ್: ‘ನಾರ್ಮಲ್ ಸೈಜ್’ ಎಂದರೆ ಎಷ್ಟು?

‘ಸ್ಪ್ಲೀನ್ 12 ಸೆಂ.ಮೀ. ಒಳಗಿದ್ದರೆ ನಾರ್ಮಲ್.’ ಮಗುವಿನ ಹೊಟ್ಟೆ ಸ್ಕ್ಯಾನ್ ಮಾಡಿಸಿ ಬಂದವರು ರಿಪೋರ್ಟ್ ಹಿಡಿದು ಮೊಬೈಲ್‌ನಲ್ಲಿ ಹುಡುಕಿದರೆ ಇಂಥ ಉತ್ತರ ಸುಲಭವಾಗಿ ಸಿಗುತ್ತದೆ. ಈ ಅಂಕಿ ಸುಳ್ಳಲ್ಲ, ಆದರೆ ಅದು ದೊಡ್ಡವರ ಲೆಕ್ಕ.

ಸ್ಪ್ಲೀನ್ ಅಂದರೆ ಗುಲ್ಮ. ಎಡ ಪಕ್ಕೆಲುಬಿನ ಅಡಿಯಲ್ಲಿರುತ್ತದೆ. 1991ರಲ್ಲಿ ಅಮೆರಿಕದ ವೈದ್ಯರು 230 ಮಕ್ಕಳ ಗುಲ್ಮವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ವಯಸ್ಸಿನ ಪ್ರಕಾರ ಗರಿಷ್ಠ ಮಿತಿ ಸೂಚಿಸಿದರು. ಮೂರು ತಿಂಗಳಿಗೆ 6 ಸೆಂ.ಮೀ., ಒಂದು ವರ್ಷಕ್ಕೆ 7, ನಾಲ್ಕಕ್ಕೆ 9, ಆರಕ್ಕೆ 9.5, ಹತ್ತಕ್ಕೆ 11. ಅಂದರೆ ನಾಲ್ಕು ವರ್ಷದ ಮಗುವಿನ ಗುಲ್ಮ 11 ಸೆಂ.ಮೀ. ಇದ್ದರೆ, 12ರ ಒಳಗಿದೆಯಲ್ಲ ಎಂದು ಸುಮ್ಮನಿರುವಂತಿಲ್ಲ.

ಹಾಗಾದರೆ ಈ ಪಟ್ಟಿಯನ್ನೇ ಫಾರ್ವರ್ಡ್ ಮಾಡಿದರೆ ಸಾಕೇ? ಸಾಲದು. 1998ರಲ್ಲಿ ಟರ್ಕಿಯಲ್ಲಿ 307 ಆರೋಗ್ಯವಂತ ಮಕ್ಕಳ ಲಿವರ್, ಗುಲ್ಮ, ಕಿಡ್ನಿ ಅಳೆದಾಗ, ಅಂಗಗಳ ಗಾತ್ರ ವಯಸ್ಸಿಗಿಂತ ಮಗುವಿನ ಎತ್ತರಕ್ಕೆ ಹೆಚ್ಚು ಹೊಂದುತ್ತದೆ ಎಂದು ಕಂಡುಬಂತು.

ಯಾದಗಿರಿ, ಶಹಾಪುರ, ಸುರಪುರದ ಪಾಲಕರಿಗೆ ಈ ಮಾತು ಬಹಳ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ವರ್ಷದ ಹುಡುಗ 106 ಸೆಂ.ಮೀ. ಎತ್ತರ ಇದ್ದಾನೆ ಎನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಅದು ಸುಮಾರು ನಾಲ್ಕೂವರೆ ವರ್ಷದವನ ಎತ್ತರ. ಅವನ ಗುಲ್ಮ 9.4 ಸೆಂ.ಮೀ. ಇದ್ದರೆ ವಯಸ್ಸಿನ ಪಟ್ಟಿಯಲ್ಲಿ ಪಾಸು. ಎತ್ತರ ನೋಡಿದರೆ ಸ್ವಲ್ಪ ಜಾಸ್ತಿ ಎನಿಸಬಹುದು. ಹಾಗೆಂದು ಅದು ಕಾಯಿಲೆಯೇ ಎಂದಲ್ಲ. ಅಳೆಯುವವರ ಕೈ ಬದಲಾದರೂ ಕೆಲವು ಮಿಲಿಮೀಟರ್ ಆಚೀಚೆ ಆಗುತ್ತದೆ. ವೈದ್ಯರು ಕೈಯಿಂದ ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ ನಿರ್ಧರಿಸುತ್ತಾರೆ. ವೈರಲ್ ಜ್ವರ, ಟೈಫಾಯ್ಡ್, ಮಲೇರಿಯಾದಲ್ಲಿ ಗುಲ್ಮ ಊದಿಕೊಂಡು, ಗುಣವಾದ ಮೇಲೆ ಇಳಿಯುತ್ತದೆ. ಇಳಿಯದೇ ಇದ್ದರೆ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳನ್ನೂ ಹುಡುಕಬೇಕಾಗುತ್ತದೆ.

ಉಳಿದ ಅಂಗಗಳಿಗೂ ಇದೇ ಮಾತು. ಹುಟ್ಟಿದಾಗ ಕಿಡ್ನಿ ಸುಮಾರು 4.5 ಸೆಂ.ಮೀ. ಉದ್ದ, ದೊಡ್ಡವರಲ್ಲಿ 10–11. ಹಸುಗೂಸಿನ ಲಿವರ್ ಅಂಚು ಬಲ ಪಕ್ಕೆಲುಬಿನ ಕೆಳಗೆ ಒಂದೆರಡು ಸೆಂ.ಮೀ. ಕೈಗೆ ಸಿಗುವುದು ಸಹಜ. ಅದನ್ನೇ ‘ಹೊಟ್ಟೆಯಲ್ಲಿ ಗಡ್ಡೆ’ ಎಂದು ಹೆದರಿ ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ. ಬರೆಯಿಂದ ಯಾವ ಅಂಗವೂ ಚಿಕ್ಕದಾಗುವುದಿಲ್ಲ. ಗಾಯ ಕೀವಾಗಿ ಮಗುವಿನ ಜೀವಕ್ಕೇ ಕುತ್ತು ಬರಬಹುದು.

ಸ್ಕ್ಯಾನ್‌ನಿಂದ ‘ರೇಡಿಯೇಷನ್’ ತಾಗುತ್ತದೆ ಎಂಬ ಭಯವೂ ಇದೆ. ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಇರುವುದಿಲ್ಲ. ನಮ್ಮ ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಶಬ್ದ ಒಳಗೆ ಹೋಗಿ, ಅಂಗಗಳಿಗೆ ಬಡಿದು ಮರಳುತ್ತದೆ; ಆ ಪ್ರತಿಧ್ವನಿಯಿಂದ ಚಿತ್ರ ಮೂಡುತ್ತದೆ. ಪರದೆ ಮೇಲೆ ಅಂಗದ ಎರಡೂ ತುದಿಗೆ ಗುರುತಿಟ್ಟರೆ ಮಷಿನ್ ಉದ್ದ ತೋರಿಸುತ್ತದೆ. ನೋವಿಲ್ಲ. ಜೆಲ್ ತಣ್ಣಗಿರುವುದಕ್ಕೆ ಮಕ್ಕಳು ಅಳುವುದುಂಟು, ಅಷ್ಟೇ.

ಸ್ಕ್ಯಾನ್‌ಗೆ ಹೋಗುವ ಮುನ್ನ ಅಂಗನವಾಡಿಯಲ್ಲಿ ಮಗುವಿನ ಎತ್ತರ, ತೂಕ ಬರೆಸಿಕೊಳ್ಳಿ. ಶಾಲೆಗೆ ಹೋಗುವ ಮಗುವಾದರೆ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದರೂ ಆದೀತು. ಹಳೆಯ ರಿಪೋರ್ಟ್ ಇದ್ದರೆ ಅದನ್ನೂ ಒಯ್ದು, ‘ಇವನ ಎತ್ತರಕ್ಕೆ ಇದು ಸರಿಯಿದೆಯಾ ಡಾಕ್ಟ್ರೇ?’ ಎಂದು ಕೇಳಿ.