ಮೇಲೆಸೆದ ಚೆಂಡು ಮತ್ತು ವೇಗದ ವರ್ಗ

ಚೆಂಡನ್ನು ಎರಡು ಪಟ್ಟು ವೇಗದಿಂದ ಮೇಲಕ್ಕೆಸೆದರೆ ಎಷ್ಟು ಪಟ್ಟು ಎತ್ತರಕ್ಕೆ ಏರುತ್ತದೆ? ನಾನು ಹೀಗೆ ಕೇಳಿದಾಗಲೆಲ್ಲ ‘ಎರಡು ಪಟ್ಟು’ ಎಂಬ ಉತ್ತರವೇ ಮೊದಲು ಬರುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಸರಿಯುತ್ತರ ನಾಲ್ಕು ಪಟ್ಟು. ಈ ‘ನಾಲ್ಕ’ರ ಹಿಂದೆ ಯೂರೋಪಿನ ವಿದ್ವಾಂಸರ ದೀರ್ಘ ವಾಗ್ವಾದವೊಂದಿದೆ.

ಚಲಿಸುವ ವಸ್ತುವಿನ ಬಲವನ್ನು ಅದರ ಗಾತ್ರ ಮತ್ತು ವೇಗಗಳ ಗುಣಲಬ್ಧದಿಂದ ಅಳೆಯಬೇಕೆಂಬುದು ಫ್ರಾನ್ಸಿನ ದೆಕಾರ್ತನ ಅನುಯಾಯಿಗಳ ಮತ. 1686ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಇದನ್ನು ಪ್ರಶ್ನಿಸಿದನು. ಒಂದು ಪೌಂಡನ್ನು ನಾಲ್ಕು ಮೊಳ ಎತ್ತುವುದೂ ನಾಲ್ಕು ಪೌಂಡನ್ನು ಒಂದು ಮೊಳ ಎತ್ತುವುದೂ ಸಮಾನ ಶ್ರಮ. ಇದನ್ನು ಎದುರಾಳಿಗಳೂ ಒಪ್ಪಿದ್ದರು. ಬಿದ್ದ ವಸ್ತು, ತಡೆಯಿಲ್ಲದಿದ್ದರೆ, ಬಿದ್ದಷ್ಟೇ ಎತ್ತರಕ್ಕೆ ಮರಳಿ ಏರುವಷ್ಟು ಬಲವನ್ನು ಪಡೆದಿರುತ್ತದೆ. ಆದರೆ ಗೆಲಿಲಿಯೋ ತೋರಿಸಿದಂತೆ, ನಾಲ್ಕು ಪಟ್ಟು ಎತ್ತರದಿಂದ ಬಿದ್ದರೆ ವೇಗ ಎರಡು ಪಟ್ಟಷ್ಟೇ. ದೆಕಾರ್ತನ ಲೆಕ್ಕದಲ್ಲಿ ಮೊದಲನೆಯದಕ್ಕೆ 2, ಎರಡನೆಯದಕ್ಕೆ 4. ವೇಗದ ವರ್ಗವನ್ನು ತೆಗೆದುಕೊಂಡರೆ ಮಾತ್ರ ಎರಡೂ 4. ಈ ಅಳತೆಯನ್ನು ಅವನು ‘ಜೀವಂತ ಬಲ’ವೆಂದು ಕರೆದನು.

1722ರಲ್ಲಿ ಹಾಲೆಂಡಿನ ಸ್‌ಗ್ರಾವೆಸಾಂಡೆ ಒಂದೇ ಗಾತ್ರದ, ಬೇರೆ ಬೇರೆ ತೂಕದ ಹಿತ್ತಾಳೆ ಗುಂಡುಗಳನ್ನು ಮೃದುವಾದ ಜೇಡಿಮಣ್ಣಿನ ಮೇಲೆ ಬೀಳಿಸಿದನು. ತೂಕ ಮತ್ತು ಎತ್ತರಗಳ ಗುಣಲಬ್ಧ ಸಮವಾಗಿದ್ದಾಗ ಕುಳಿಗಳೂ ಸಮವಾಗಿದ್ದವು.

ಈ ಪ್ರಯೋಗದ ಮಹತ್ವವನ್ನು ಫ್ರೆಂಚ್ ಓದುಗರ ಮುಂದಿಟ್ಟು, ವೇಗದ ವರ್ಗದ ಪರವಾಗಿ ವಾದಿಸಿದವಳು ಎಮಿಲಿ ದು ಶಾತಲೆ. 1740ರಲ್ಲಿ ಪ್ರಕಟವಾದ ಅವಳ ಭೌತಶಾಸ್ತ್ರ ಗ್ರಂಥವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಮೆರಾನ್ ಮರುವರ್ಷ ಬಹಿರಂಗವಾಗಿ ಖಂಡಿಸಿದನು. ಸ್ತ್ರೀಯರಿಗೆ ಸದಸ್ಯತ್ವವೇ ಇಲ್ಲದಿದ್ದ ಸಂಸ್ಥೆಯ ಆ ಅಧಿಕಾರಿಗೆ ಅವಳು ಅಚ್ಚಿನಲ್ಲಿಯೇ ಉತ್ತರ ಕೊಟ್ಟಳು. ಅವಳ ಪಕ್ಷವನ್ನು ಕಾಲ ಎತ್ತಿಹಿಡಿಯಿತು. ದೆಕಾರ್ತನ ಅಳತೆಯೂ ದಿಕ್ಕನ್ನು ಸೇರಿಸಿಕೊಂಡು ‘ಸಂವೇಗ’ವಾಗಿ ಉಳಿಯಿತು. 1829ರಲ್ಲಿ ಕೊರಿಯೋಲಿಸ್ ‘ಅರ್ಧ’ವನ್ನು ಸೇರಿಸಿದ ಮೇಲೆ ಇಂದಿನ ಚಲನಶಕ್ತಿಯ ಸೂತ್ರ ರೂಪುಗೊಂಡಿತು.

ಏರುವ ಚೆಂಡಿನ ಚಲನಶಕ್ತಿ ಪ್ರಚ್ಛನ್ನಶಕ್ತಿಯಾಗಿ ಮಾರ್ಪಡುತ್ತದೆ. ತುದಿಯಲ್ಲಿ ಎರಡನ್ನೂ ಸರಿದೂಗಿಸಿದರೆ ದ್ರವ್ಯರಾಶಿ ಎರಡೂ ಕಡೆಯಿಂದ ಬಿಟ್ಟುಹೋಗುತ್ತದೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಿದರೆ ಎತ್ತರ ಸಿಗುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ, ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು ಸುಮಾರು 5 ಮೀಟರ್ ಏರುತ್ತದೆ. 20 ಮೀಟರ್ ವೇಗದ್ದು ಸುಮಾರು 20 ಮೀಟರ್.

ದು ಶಾತಲೆ ನ್ಯೂಟನ್ನನ ‘ಪ್ರಿನ್ಸಿಪಿಯಾ’ವನ್ನು ಫ್ರೆಂಚಿಗೆ ಅನುವಾದಿಸಿ, 1749ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಗ ಅವಳಿಗೆ 42 ವರ್ಷ. ಪೂರ್ಣ ಅನುವಾದ ಪ್ರಕಟವಾದದ್ದು 1759ರಲ್ಲಿ. ನಾವು ಬಾಯಿಪಾಠ ಮಾಡುವ ಸೂತ್ರದಲ್ಲಿ ಅವಳ ಹೆಸರಿಲ್ಲ. ನಿಮ್ಮ ಮಕ್ಕಳಿಗೆ ಈ ಲೆಕ್ಕವನ್ನು ಹೇಳಿಕೊಡುವಾಗ ಆ ಹೆಸರನ್ನೂ ಒಮ್ಮೆ ಹೇಳಿ.