ರೋಗಿಯ ಕಣ್ಣೆದುರಿನ ಗೋಡೆ

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಆಧಾರಸ್ತಂಭಗಳು. ಇವುಗಳಲ್ಲಿ ಔಷಧದಾನವು ಕನ್ನಡ ನಾಡಿನಲ್ಲಿ ಶಾಸ್ತ್ರವಾಗಿಯೂ ಬೆಳೆಯಿತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ನಿರೂಪಿಸಿದರು. ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಜೈನಕವಿ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಒಂದು ಜೀವದ ನೋವನ್ನು ಕಳೆಯಲು ಇನ್ನೊಂದು ಜೀವವನ್ನು ನೋಯಿಸಬಾರದೆಂಬುದು ಉಗ್ರಾದಿತ್ಯರ ಚಿಕಿತ್ಸೆಯ ತಿರುಳು.

ಔಷಧವನ್ನು ಸೇವಿಸುವುದು ಕ್ಷಣಕಾಲ. ಗೋಡೆಯನ್ನು ನೋಡುತ್ತ ಮಲಗುವುದು ದಿನವಿಡೀ. ಈ ಗೋಡೆಯೂ ಚಿಕಿತ್ಸೆಯ ಅಂಗವಾಗಬಲ್ಲದೆ? ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಪರಿಶೀಲಿಸಿದರು. ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದ 23 ಮಂದಿ, ಇಟ್ಟಿಗೆಯ ಗೋಡೆಯನ್ನು ಮಾತ್ರ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಮರಳಿದರು. ಅವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಬೇಕಾದವು. ಕಲ್ಲಿನ ಬಳ್ಳಿಯು ಹಸಿರು ಮರಕ್ಕೆ ಸಮವಲ್ಲ, ನಿಜ. ಆದರೆ ಮರವು ಕಾಣದ ಕೋಣೆಯಲ್ಲಿ ಅದು ಬೋಳು ಗೋಡೆಗಿಂತ ಲೇಸೆಂದು ಭಾವಿಸಬಹುದು.

ಗೋಡೆಯ ಮೇಲೆ ಪ್ರಕೃತಿಯನ್ನು ಮೂಡಿಸುವ ಕಲೆಗೆ ಹಂಪೆಯೇ ಪಾಠಶಾಲೆ. ಒರಟಾದ ಕಣಶಿಲೆಯಲ್ಲಿ ಅಲ್ಲಿನ ಶಿಲ್ಪಿಗಳು ಹಂಸ, ಕಮಲ, ಲತೆ, ಪೂರ್ಣಕುಂಭಗಳನ್ನು ತೆಳುವಾದ ಉಬ್ಬಿನಲ್ಲಿ ಬಿಡಿಸಿದರು. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಬಳಿಕ ಸೈನಿಕರು ಮತ್ತು ನರ್ತಕಿಯರು ಕಾಣುತ್ತಾರೆ. ಕಲೆಯ ದೃಷ್ಟಿಯಿಂದ ಅದು ಅನುಪಮ. ಆದರೆ ಅಲ್ಲಿನ ಆನೆ ಕುದುರೆಗಳು ಅರಸನ ವೈಭವಕ್ಕಾಗಿ ನಡೆಯುತ್ತಿವೆ.

ಜೈನಶಿಲ್ಪದಲ್ಲಿ ಪ್ರಾಣಿಗಳ ಸ್ಥಾನವೇ ಬೇರೆ. ತೀರ್ಥಂಕರರ ಲಾಂಛನಗಳಲ್ಲಿ ವೃಷಭ, ಗಜ, ಕಮಲ, ಜಿಂಕೆ, ಆಡು, ಆಮೆ, ಸರ್ಪ, ಸಿಂಹಗಳಿವೆ. ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ತಿರ್ಯಂಚ ಜೀವಿಗಳಿಗೇ ಮೀಸಲು. ಹುಟ್ಟುವೈರವನ್ನು ಮರೆತು ಅವು ಅಲ್ಲಿ ಕುಳಿತಿರುತ್ತವೆ. ಶ್ರವಣಬೆಳಗೊಳದ ಬಾಹುಬಲಿಯ ತೋಳುತೊಡೆಗಳನ್ನು ಬಳ್ಳಿಗಳು ನಿರ್ಭಯವಾಗಿ ಹಬ್ಬಿವೆ. ಭಯದಿಂದ ಬಳಲಿದ ರೋಗಿಗೆ ಬೇಕಾದುದು ಇಂಥ ಅಭಯದ ದೃಶ್ಯವೇ.

ಹಂಪೆಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಉಂಟು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಗಿತ್ತಿ ಬಸದಿಯಿದೆ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರ ಸುಮಾರಿನಲ್ಲಿ ಕುಂಥು ಜಿನನಾಥನಿಗಾಗಿ ಇದನ್ನು ಕಟ್ಟಿಸಿದನು. ಬಸದಿಯ ಗೋಡೆಗಳು ನಿರಾಡಂಬರ. ಕಟ್ಟಿಸಿದ ವಿಷಯವನ್ನು ತಿಳಿಸುವ ಶಾಸನವಿರುವುದು ಮುಂದಿನ ದೀಪಸ್ತಂಭದ ಮೇಲೆ. ದಾನಿಯ ಹೆಸರು ಬೆಳಕು ಹೊರುವ ಕಂಬಕ್ಕೆ ಸೇರಿತು, ಗೋಡೆಯು ಮೌನವಾಗಿ ಉಳಿಯಿತು.

ಇಂದಿನ ಧರ್ಮಾರ್ಥ ಚಿಕಿತ್ಸಾಲಯಗಳಲ್ಲಿ ಕೆಲವೆಡೆ ಇದರ ವಿಪರ್ಯಾಸ ಕಾಣುತ್ತದೆ. ಮೊಗಸಾಲೆಯ ಗೋಡೆಯನ್ನು ದಾನಿಗಳ ಅಮೃತಶಿಲೆಯ ಫಲಕಗಳು ಆವರಿಸುತ್ತವೆ. ಸೊಬಗಿಗೆಂದು ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಕೂಡಿಹಾಕಲಾಗುತ್ತದೆ. ಒಂದು ಜೀವದ ಬಂಧನವು ಇನ್ನೊಂದು ಜೀವದ ನೆಮ್ಮದಿಗೆ ಸಾಧನವಾಗುವುದಾದರೆ ಅಹಿಂಸಾವ್ರತಕ್ಕೆ ಅರ್ಥವೇನು? ಕಲ್ಲಿನ ಮೀನಿಗೆ ನೋವಿಲ್ಲ, ಕಲ್ಲಿನ ಹೂವನ್ನು ಯಾರೂ ಕೀಳಬೇಕಾಗಿಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಾಗಲಿ ಬೇರೆಲ್ಲಾಗಲಿ ಆರೋಗ್ಯಶಾಲೆಯನ್ನು ಕಟ್ಟುವ ಧರ್ಮದರ್ಶಿಗಳು ಮೊದಲು ಕಿಟಕಿಗೂ ಅದರಾಚೆಯ ಮರಕ್ಕೂ ಎಡೆಮಾಡಲಿ. ಮರ ಕಾಣದ ಗೋಡೆಯಲ್ಲಿ ಲತೆ, ಕಮಲ, ಹಂಸಗಳು ಮೂಡಲಿ. ಆಳವಾದ ಕೆತ್ತನೆಯಲ್ಲಿ ಧೂಳು ನಿಲ್ಲುವುದರಿಂದ ಉಬ್ಬು ತೆಳುವಾಗಿರಲಿ, ಒರೆಸಲು ಸುಲಭವಾಗಿರಲಿ. ದಾನಿಗಳ ಹೆಸರುಗಳು ಹೊರಗಿನ ಒಂದೇ ಶಿಲೆಯಲ್ಲಿ ನೆಲೆಸಲಿ. ಔಷಧದಾನದೊಡನೆ ಅಭಯದಾನವೂ ಒಂದೇ ಸೂರಿನಡಿ ನೆರವೇರುವುದು ಆಗಲೇ.