ವಳಿವಡೆಯ ಬ್ಯಾರಕ್ಕು, ಖಾರ್ಕಿವ್‌ನ ಪರದೆ

ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಎಂಟೂವರೆಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಆಗ ಖಾರ್ಕಿವ್‌ನಲ್ಲಿ ಬೇಸಿಗೆಯಾದರೆ ಸಂಜೆ ಆರು, ಚಳಿಗಾಲವಾದರೆ ಐದು. ಆ ಕಡೆ ಹನ್ನೆರಡು ವರ್ಷದ ಹುಡುಗಿ. ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ, ಅಷ್ಟೇ. ಒಂದು ರಾತ್ರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮನೆ ಮಾಲಕರ ಹೆಂಡತಿ, “ಎಷ್ಟ್ ಕೊಡ್ತಾರವಾ ನಿನಗ?” ಎಂದರು. “ಏನೂ ಇಲ್ರೀ ಆಂಟಿ, ಪುಕ್ಕಟ” ಎಂದೆ. ಅವರು ಸ್ವಲ್ಪ ಯೋಚಿಸಿ, “ಮತ್ತ ಆ ಊರಾಗ ಮಾಸ್ತರ್ ಇಲ್ಲೇನು?” ಎಂದರು.

ಖಾರ್ಕಿವ್ ಎಂಬ ಹೆಸರು ಅವರಿಗೆ ಹೊಸದಲ್ಲ. 2022ರ ಮಾರ್ಚ್ 1ರಂದು ಅಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯವನು. ಅದೇ ತಿಂಗಳ ನಡುವೆ ಉಕ್ರೇನಿನ ವೈದ್ಯಕೀಯ ವಿಶ್ವವಿದ್ಯಾಲಯಗಳು ಆನ್‌ಲೈನ್ ತರಗತಿ ಶುರು ಮಾಡಿದವು. ಪಾಠ ಹೇಳುವವರು ಯುದ್ಧದ ಒಳಗೆ, ಕೇಳುವವರು ಮನೆಗೆ ಮರಳಿ ನಮ್ಮ ಊರುಗಳ ಪಡಸಾಲೆಗಳಲ್ಲಿ. ಮಾಸ್ತರರು ಇದ್ದರು, ಇಲ್ಲದಿದ್ದದ್ದು ಎಲ್ಲರೂ ಒಟ್ಟಿಗೆ ಕೂರುವ ಜಾಗ. ಖಾರ್ಕಿವ್‌ನಲ್ಲಿ 2023ರ ಸೆಪ್ಟೆಂಬರಿನಿಂದ ಮೆಟ್ರೊ ನಿಲ್ದಾಣಗಳೊಳಗೇ ತರಗತಿ ನಡೆಸತೊಡಗಿದರು. ನನ್ನ ಹುಡುಗಿಗೂ ಅವಳದೇ ಶಿಕ್ಷಕಿಯರಿದ್ದಾರೆ. ನಾನು ಮಾತಿನ ರೂಢಿಗೆ ಒದಗುವ ಹೊರಗಿನವಳು ಮಾತ್ರ.

ಆದರೂ ಆಂಟಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ಸಂಶೋಧನೆ ದಕ್ಷಿಣ ಮರಾಠಾ ಸಂಸ್ಥಾನಗಳ ಶಾಲೆಗಳ ಕುರಿತದ್ದು. ಕೊಲ್ಹಾಪುರದ ಬಗ್ಗೆ ಓದುವಾಗ ನನ್ನ ವಿಷಯಕ್ಕೆ ನೇರವಾಗಿ ಸೇರದ ಒಂದು ಶಾಲೆ ಎದುರಾಗಿತ್ತು. ಗೈಡ್ ಅದನ್ನು ಅಡಿಟಿಪ್ಪಣಿಗೆ ಇಡು ಎಂದಿದ್ದಾರೆ. ಇಲ್ಲಿ ಆ ನಿರ್ಬಂಧವಿಲ್ಲ.

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗಳನ್ನು ಕೇಳಿದರೆ ಕೊಲ್ಹಾಪುರದ ಪಕ್ಕದ ಗಾಂಧಿನಗರ ಗೊತ್ತೆನ್ನುತ್ತಾರೆ. ಸಗಟು ಜವಳಿ ಪೇಟೆ, ದೇಶ ವಿಭಜನೆಯ ನಂತರ ಬಂದು ನೆಲೆಸಿದ ಸಿಂಧಿಗಳ ಊರು. ಆದರೆ ಆ ಸಿಂಧಿ ಕುಟುಂಬಗಳು ಬಂದು ಸೇರಿದ್ದು ಬೇರೊಬ್ಬ ನಿರಾಶ್ರಿತರು ಬಿಟ್ಟುಹೋದ ಬ್ಯಾರಕ್ಕುಗಳಿಗೆ. ಮೀರಜ್–ಕೊಲ್ಹಾಪುರ ರೈಲು ಹಾದಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ ವಾಸವಾಗಿದ್ದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಅವರು ಇಲ್ಲಿಗೆ ಬಂದ ದಾರಿ ದೊಡ್ಡದು. 1939ರಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಪೋಲೆಂಡನ್ನು ಹಂಚಿಕೊಂಡ ಮೇಲೆ, 1940ರ ಫೆಬ್ರವರಿಯಿಂದ 1941ರ ಜೂನ್‌ವರೆಗೆ ಸೋವಿಯತ್ ಪೊಲೀಸರು ಪೂರ್ವ ಪೋಲೆಂಡಿನ ಕುಟುಂಬಗಳನ್ನು ಸರಕು ಬೋಗಿಗಳಲ್ಲಿ ತುಂಬಿ ಸೈಬೀರಿಯ, ಕಜಾಕಸ್ತಾನಗಳಿಗೆ ಸಾಗಿಸಿದರು. ಹಿಟ್ಲರ್ ರಷ್ಯದ ಮೇಲೆ ತಿರುಗಿಬಿದ್ದಾಗ ಮಾಸ್ಕೋಗೆ ಪೋಲರೂ ಬೇಕಾದರು. 1941ರ ಜುಲೈ ಒಪ್ಪಂದದ ನಂತರ ಅವರಿಗೆ ಬಿಡುಗಡೆಯಾಯಿತು. 1942ರಲ್ಲಿ ಸಾವಿರಾರು ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು, ಅಲ್ಲಿಂದ ಕೆಲವರು ಭಾರತಕ್ಕೆ. ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ಕಥೆ ಈಗ ಪ್ರಸಿದ್ಧ. ನಮ್ಮ ಗಡಿಗೆ ಅಂಟಿಕೊಂಡಿದ್ದ, ಅದಕ್ಕಿಂತ ಎಷ್ಟೋ ದೊಡ್ಡದಾಗಿದ್ದ ವಳಿವಡೆಯ ಮಾತು ಕರ್ನಾಟಕದಲ್ಲಿ ನಾನು ಕೇಳಿದ್ದೇ ಕಡಿಮೆ.

ವಳಿವಡೆಯಲ್ಲಿ ಪ್ರಾಥಮಿಕ ಶಾಲೆಗಳು, ಪ್ರೌಢಶಾಲೆ, ಕಸಬು ಕಲಿಸುವ ತರಗತಿಗಳು ಇದ್ದವು. ತರಬೇತಿ ಪಡೆದ ಶಿಕ್ಷಕರು ಸಾಲುತ್ತಿರಲಿಲ್ಲ, ಪಠ್ಯಪುಸ್ತಕಗಳಂತೂ ಇನ್ನೂ ವಿರಳ. ಓದು ಬಲ್ಲವರು ಮುಂದೆ ನಿಂತು ಹೇಳಿದರು. ಸ್ಕೌಟ್ ಸಂಘಟಿಸಲು ಬಂದ ಜ್ಜಿಸ್ವಾವ್ ಪೆಶ್ಕೊವ್‌ಸ್ಕಿ ಸೇನೆಯ ಅಧಿಕಾರಿ. ಸಾವಿರಾರು ಪೋಲಿಷ್ ಅಧಿಕಾರಿಗಳನ್ನು ಕೊಂದ ಕತಿನ್ ಹತ್ಯಾಕಾಂಡದಿಂದ ಪಾರಾದ ಕೆಲವೇ ಕೆಲವರಲ್ಲಿ ಒಬ್ಬರು. ಆ ಮನುಷ್ಯ ಪಂಚಗಂಗೆಯ ಬಯಲಲ್ಲಿ ಮಕ್ಕಳಿಗೆ ಸ್ಕೌಟ್ ಪಾಠ ಹೇಳುತ್ತಿದ್ದರು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಏನನ್ನು ಕಲಿಸುತ್ತಿದ್ದರು? ಪೋಲಿಷ್ ಭಾಷೆ, ಪೋಲೆಂಡಿನ ಚರಿತ್ರೆ, ಪೋಲೆಂಡಿನ ಭೂಗೋಳ. ಯುದ್ಧ ಮುಗಿದ ಮೇಲೆ ಮನೆಗೆ ಹೋಗುವ ಮಕ್ಕಳಿಗೆ ಬೇಕಾದದ್ದು. ಆದರೆ 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕೂತ ಮೂವರು ದೊಡ್ಡವರು ಪೂರ್ವ ಪೋಲೆಂಡನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟರು. ಶಿಬಿರದ ಬಹಳಷ್ಟು ಮಕ್ಕಳ ಊರು ಇದ್ದದ್ದು ಅಲ್ಲೇ. ಮನೆ ಇದ್ದಲ್ಲೇ ಇತ್ತು, ದೇಶ ಸರಿದುಹೋಗಿತ್ತು. ಮುಂದೆ ಅನೇಕರು ಬ್ರಿಟನ್ ಸೇರಿದರು. ಮಾರನೆಯ ದಿನ ಭೂಗೋಳದ ತರಗತಿಯಲ್ಲಿ ಆ ಶಿಕ್ಷಕಿ ಗಡಿಯನ್ನು ಎಲ್ಲಿ ಎಳೆದಿರಬಹುದು ಎಂದು ಎಷ್ಟೋ ಸಲ ಊಹಿಸಿದ್ದೇನೆ. ಗಡಿ ಎಳೆಯುವವರಿಗಿಂತ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾದವರ ಪಾಡು ಕಷ್ಟದ್ದು. ಅವರು ಕಳೆದುಕೊಂಡ ನಗರಗಳಲ್ಲಿ ಲ್ವೋವ್ ಒಂದು. ಇಂದು ಅದು ಉಕ್ರೇನಿನ ಲ್ವಿವ್. 2022ರಲ್ಲಿ ಖಾರ್ಕಿವ್ ಕಡೆಯಿಂದ ಓಡಿದವರು ಹೋಗಿ ಇಳಿದ ಊರುಗಳಲ್ಲಿ ಅದೂ ಒಂದು.

ಇದೇ ಎಳೆ ನಮ್ಮ ನೆಲಕ್ಕೂ ಬರುತ್ತದೆ. ವಾಂಡಾ ಡಿನೊವ್‌ಸ್ಕಾ ಎಂಬ ಪೋಲಿಷ್ ಮಹಿಳೆ 1935ರಲ್ಲಿ ಭಾರತಕ್ಕೆ ಬಂದರು. ಅವರನ್ನು ಉಮಾದೇವಿ ಎಂದು ಕರೆದವರು ಗಾಂಧೀಜಿ. ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಜೊತೆ ಸೇರಿ 1944ರಲ್ಲಿ ಮದ್ರಾಸಿನಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆ ಕಟ್ಟಿ, ಭಾರತದ ಕೃತಿಗಳನ್ನು ಪೋಲಿಷ್‌ಗೆ ತಂದರು. ಸ್ವಂತ ನಾಡಿನ ಯುದ್ಧ ಮುಗಿದ ಮೇಲೂ ಅವರು ಸುಮ್ಮನಿರಲಿಲ್ಲ. 1960ರ ನಂತರ ಟಿಬೆಟಿನಿಂದ ಓಡಿಬಂದ ಮಕ್ಕಳ ನಡುವೆ ಧರ್ಮಶಾಲೆಯಲ್ಲಿ ಕೆಲಸ ಮಾಡಿದರು. 1971ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಬೈಲಕುಪ್ಪೆಯ ಟಿಬೆಟನ್ ನೆಲೆಗೆ ಹತ್ತು ವರ್ಷ ದಾಟಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಮುಂಡಗೋಡಿನದು 1966ರದ್ದು. ಅಲ್ಲಿಯ ಶಾಲೆಗಳೂ ಮಕ್ಕಳು ಕಂಡಿರದ ನಾಡೊಂದರ ಭಾಷೆಯನ್ನು ಕಲಿಸುತ್ತ ಬಂದಿವೆ.

ಹಾಗೆಂದು ನನ್ನನ್ನು ಆ ಸಾಲಿನಲ್ಲಿ ನಿಲ್ಲಿಸಿಕೊಳ್ಳುವ ಧೈರ್ಯ ನನಗಿಲ್ಲ. ವಳಿವಡೆಯ ಶಿಕ್ಷಕಿ ಮಕ್ಕಳಿದ್ದ ಅದೇ ಬ್ಯಾರಕ್ಕಿನ ಸಾಲಿನಲ್ಲಿ ಮಲಗುತ್ತಿದ್ದಳು, ಅವಳದೂ ಮನೆ ಹೋಗಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದರೆ ಯುದ್ಧ ಮುಗಿಯಿತು. ಕಳೆದ ವರ್ಷ ಪ್ರಬಂಧದ ಅಧ್ಯಾಯ ಒಪ್ಪಿಸುವ ಗಡಿಬಿಡಿಯಲ್ಲಿ ಮೂರು ವಾರ ಪಾಠ ತಪ್ಪಿಸಿದೆ. ಮತ್ತೆ ಸೇರಿದಾಗ ಹುಡುಗಿ ದೂರಲಿಲ್ಲ. ಬಂದುಹೋಗುವ ಸ್ವಯಂಸೇವಕರನ್ನು ಕಂಡು ಅವಳಿಗೆ ಅಭ್ಯಾಸವಾಗಿತ್ತು. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳ ಮನೆಯಲ್ಲಿ ರಷ್ಯನ್ ಮಾತಾಡುತ್ತಾರೆ, ಆ ಊರಲ್ಲಿ ಅದು ಸಾಮಾನ್ಯ. ಶಾಲೆಯಲ್ಲಿ ಉಕ್ರೇನಿಯನ್. ನನ್ನ ಜೊತೆ ಇಂಗ್ಲಿಷ್. ಈಗೀಗ ಅಜ್ಜಿಯೂ ಉಕ್ರೇನಿಯನ್ ಮಾತಾಡಲು ಹೆಣಗುತ್ತಾಳೆ, ತಪ್ಪು ಮಾಡುತ್ತಾಳೆ, ನಾನು ತಿದ್ದುತ್ತೇನೆ ಎಂದು ನಗುತ್ತ ಹೇಳಿದಳು. ಮಾಸ್ತರ್ ಇಲ್ಲೇನು ಎಂದು ಕೇಳಿದ ಆಂಟಿಗೆ ಇದನ್ನು ಹೇಳಿದೆ. “ಹಂಗಾದ್ರ ಆ ಮಗಳೇ ಮಾಸ್ತರ್ ಆದ್ಲಲ್ಲ” ಎಂದು ಒಳಗೆ ಹೋದರು.

ಹೋದ ಶುಕ್ರವಾರ ಪಾಠದ ನಡುವೆ ಅವಳ ಫೋನಿನಲ್ಲಿ ಸೈರನ್ ಆ್ಯಪ್ ಕೂಗಿತು. ಒಂದು ನಿಮಿಷ ಎಂದು ಎದ್ದುಹೋದಳು. ಪರದೆಯ ಮೇಲೆ ಖಾಲಿ ಕುರ್ಚಿ, ಹಿಂದೆ ಗೋಡೆಗೆ ಅಂಟಿಸಿದ ವೇಳಾಪಟ್ಟಿ. ಹನ್ನೊಂದು ನಿಮಿಷ ಅದನ್ನೇ ನೋಡುತ್ತ ಕೂತೆ. ಮಂಗಳವಾರ ಮತ್ತು ಶುಕ್ರವಾರದ ಸಾಲಿನ ಕೊನೆಯಲ್ಲಿ ‘ಇಂಡಿಯಾ’ ಎಂದು ಬರೆದಿದ್ದಳು.